ರಾಗಿ ಉಂಡೆಗೆ ಬೀಳುತ್ತಿದ್ದ ದೈತ್ಯ ಮೀನು

ಮೈಸೂರಿನಿಂದ ಊಟಿಯತ್ತ ಹೊರಟವರಿಗೆ ನಂಜನಗೂಡು ದಾಟಿದ ಮೇಲೆ, ಗುಂಡ್ಲುಪೇಟೆ ಸೇರುವ ಮುನ್ನ ಬೇಗೂರು ಸಿಗುತ್ತದೆ. ಹೋಬಳಿ ಕೇಂದ್ರ. ಸುತ್ತಲೂ ಮಳೆ ನಂಬಿದ ಹೊಲಗಳು. ಕಡಲು ಕಾಣಬೇಕಾದರೆ ಘಟ್ಟ ಇಳಿಯಬೇಕು; ಕಡಲ ಮೀನು ಇಲ್ಲಿಗೆ ಬರುವುದು ಐಸ್ ಪೆಟ್ಟಿಗೆಯೊಳಗೆ. ಇಲ್ಲಿನ ಹುಡುಗರಿಗೆ ಗಾಳವೆಂದರೆ ಒಂದು ಬಿದಿರು ಕಡ್ಡಿ, ನೈಲಾನ್ ದಾರ, ತೆಂಗಿನ ಚಿಪ್ಪಿನಲ್ಲಿ ಒದ್ದೆ ಮಣ್ಣಿನ ಜೊತೆ ಇಟ್ಟುಕೊಂಡ ಎರೆಹುಳು. ಕಬಿನಿ ನೀರು ಹರಿದು ಕೆರೆ ತುಂಬಿದ ವರ್ಷ ಏರಿಯ ಮೇಲೆ ಸಾಲಾಗಿ ಕೂರುತ್ತಾರೆ. ಅಂಗೈಯಗಲದ ಜಿಲೇಬಿ ಮೀನು ಸಿಕ್ಕಿದರೆ ಅಂದಿನ ದಿನ ಗೆದ್ದಂತೆ.

ಈ ಸೀಮೆಯ ಹೆಸರು ಗಾಳದ ಆಟದ ಚರಿತ್ರೆಯಲ್ಲಿ ದೊಡ್ಡದಾಗಿಯೇ ಇದೆ. ಬೇಗೂರಿನ ಉತ್ತರಕ್ಕೆ ಕಬಿನಿ ಹರಿಯುತ್ತದೆ. 1946ರ ಮಾರ್ಚ್ 22ರಂದು ಆ ನದಿಯಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಅವರ ಗಾಳಕ್ಕೆ 120 ಪೌಂಡ್ ತೂಕದ ಮಹಶೀರ್ ಮೀನು ಬಿತ್ತು. ನಮ್ಮ ಲೆಕ್ಕದಲ್ಲಿ 54 ಕೆ.ಜಿ. ದಾಟುತ್ತದೆ; ಒಂದು ಮೂಟೆ ಸಿಮೆಂಟಿಗಿಂತ ಭಾರ. ಗಾಳದಲ್ಲಿ ಹಿಡಿದ ಮಹಶೀರ್‌ಗಳ ಪೈಕಿ ಅದಕ್ಕಿಂತ ದೊಡ್ಡದು ಇದುವರೆಗೆ ದಾಖಲಾಗಿಲ್ಲ. ಇನ್ನು ದಕ್ಷಿಣಕ್ಕೆ, ಬಂಡೀಪುರ ಕಾಡಿನ ಅಂಚಿನಲ್ಲಿ, ತಮಿಳುನಾಡಿನ ಗಡಿಗೆ ಗೆರೆ ಎಳೆದಂತೆ ಆಳ ಕಮರಿಯಲ್ಲಿ ಮೋಯಾರ್ ನದಿ ಹರಿಯುತ್ತದೆ. ಅದೇ ಜಾತಿಯ ಮೀನು ಇಂದು ಬದುಕುಳಿದಿರುವ ಬೆರಳೆಣಿಕೆಯ ಜಾಗಗಳಲ್ಲಿ ಈ ಮೋಯಾರ್ ಒಂದು. ಆ ಮೀನು ಹೆಸರು ಮಾಡಿದ ನದಿ ಬೇಗೂರಿನ ಒಂದು ಮಗ್ಗುಲಿಗಿದ್ದರೆ, ಜೀವ ಹಿಡಿದುಕೊಂಡಿರುವ ನದಿ ಇನ್ನೊಂದು ಮಗ್ಗುಲಿಗಿದೆ. ನಡುವಿನ ದೂರ ಬಸ್ಸಿನಲ್ಲಿ ಒಂದೆರಡು ಗಂಟೆಯ ಹಾದಿ.

ಮಹಶೀರ್‌ಗೆ ನಮ್ಮ ನಾಡಿನಲ್ಲಿ ಹೆಸರುಗಳು ಹಲವು. ಕಾವೇರಿ ದಡದಲ್ಲಿ ಬಿಳಿಮೀನು, ತುಳುನಾಡಿನಲ್ಲಿ ಪೆರುವೋಲು, ದೇವಸ್ಥಾನದ ಮಡುವಿನಲ್ಲಿದ್ದರೆ ದೇವರ ಮೀನು. ಕಾಟ್ಲಾ, ರೋಹುಗಳ ನೆಂಟನೇ ಆದರೂ ಬದುಕುವ ರೀತಿ ಬೇರೆ. ನಿಂತ ನೀರು ಇದಕ್ಕೆ ಸಲ್ಲದು. ಬಂಡೆಗಳ ನಡುವೆ ನೊರೆಯೆಬ್ಬಿಸಿ ನುಗ್ಗುವ ನೀರು ಬೇಕು, ಆ ನೀರಿನ ಕೆಳಗೆ ಆಳದ ಮಡು ಬೇಕು, ಮೊಟ್ಟೆ ಇಡಲು ಬೆಣಚುಕಲ್ಲಿನ ಹಾಸು ಬೇಕು. ಕಾವೇರಿ ಕೊಳ್ಳದ ಮಹಶೀರ್‌ಗೆ ತಲೆಯ ಹಿಂದೆ, ಹೋರಿಯ ಹಿಣಿಲಿನ ಹಾಗೆ ಬೆನ್ನು ಉಬ್ಬಿರುತ್ತದೆ. ಅದಕ್ಕೇ ಅದು ಡುಬ್ಬದ ಮಹಶೀರ್. ರೆಕ್ಕೆಗಳಿಗೆ ಕಿತ್ತಳೆಯ ಛಾಯೆ. ದೊಡ್ಡ ಮೀನಿನ ಒಂದೊಂದು ಹುರುಪೆಯೂ ಅಂಗೈಯನ್ನು ಮುಚ್ಚುವಷ್ಟು ಅಗಲ. ದವಡೆಯಲ್ಲಿ ಹಲ್ಲೇ ಇಲ್ಲ, ಹಲ್ಲೆಲ್ಲ ಗಂಟಲೊಳಗೆ. ಏಡಿಯನ್ನೂ ಕಪ್ಪೆಚಿಪ್ಪನ್ನೂ ಅಲ್ಲಿಯೇ ನುರಿಸಿ ನುಂಗುತ್ತದೆ. ಉಕ್ಕಿನ ಕೊಕ್ಕೆಯನ್ನು ಚಪ್ಪಟೆ ಮಾಡಿ ಉಗುಳಿದ ಮೀನುಗಳ ಕಥೆಯನ್ನು ಗಾಳದವರು ಇಂದಿಗೂ ಹೇಳುತ್ತಾರೆ.

ಗಾಳ ಹಾಕುವುದನ್ನು ಆಟವೆಂದು ಇಲ್ಲಿಗೆ ತಂದವರು ಇಂಗ್ಲಿಷರು. ಆ ಆಟದ ಮೊದಲ ದೊಡ್ಡ ಪುಸ್ತಕ ಅಚ್ಚಾದದ್ದು ಮಂಗಳೂರಿನಲ್ಲಿ ಎಂಬುದು ಕನ್ನಡಿಗರಲ್ಲಿ ಹೆಚ್ಚಿನವರಿಗೆ ತಿಳಿಯದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಲ್ಲಿಂದ ಹೊರಬಂತು. ಇಂಗ್ಲೆಂಡಿನ ಸಾಲ್ಮನ್ ಮೀನಿಗಿಂತ ನಮ್ಮ ಮಹಶೀರ್ ಹೆಚ್ಚು ಕಸುವಿನದು ಎಂದು ವಾದಿಸಿದ ಪುಸ್ತಕ ಅದು. ಆದರೆ ಥಾಮಸ್ ಬರೀ ಆಟಗಾರನಲ್ಲ. ಅದಕ್ಕೂ ಮೂರು ವರ್ಷ ಮೊದಲೇ ದಕ್ಷಿಣ ಕನ್ನಡದ ಮೀನು ಸಾಕಣೆಯ ಕುರಿತು ಸರ್ಕಾರಕ್ಕೆ ವರದಿ ಕೊಟ್ಟಿದ್ದ ಮನುಷ್ಯ. ಸಣ್ಣ ಕಣ್ಣಿನ ಬಲೆ, ಹೊಳೆಗೆ ವಿಷ ಹಾಕುವ ಪದ್ಧತಿ, ಮರಿಮೀನನ್ನು ಬಾಚಿಕೊಳ್ಳುವ ಆತುರ, ಇವು ಮೀನಿನ ಸಂತತಿಯನ್ನೇ ಅಳಿಸುತ್ತವೆ ಎಂಬ ಕಳವಳ ಆ ಕಾಲದಲ್ಲಿಯೇ ಶುರುವಾಗಿತ್ತು. ಮುಂದೆ 1897ರಲ್ಲಿ ಬಂದ ಭಾರತೀಯ ಮೀನುಗಾರಿಕೆ ಕಾಯ್ದೆ ನೀರಿನಲ್ಲಿ ಸಿಡಿಮದ್ದು ಸಿಡಿಸುವುದನ್ನೂ ವಿಷ ಬೆರೆಸುವುದನ್ನೂ ಅಪರಾಧವೆಂದು ಸಾರಿತು. ಕಾಯ್ದೆಗೆ ಈಗ 125 ವರ್ಷ ಮೀರಿದೆ. ಸಿಡಿಮದ್ದು ಇನ್ನೂ ನಿಂತಿಲ್ಲ.

ಮೈಸೂರು ಸಂಸ್ಥಾನದ ನದಿಗಳು ಗಾಳದವರ ಬಾಯಲ್ಲಿ ಖ್ಯಾತಿಗೆ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. 1919ರಲ್ಲಿ ಮೇಜರ್ ರಿವೆಟ್ ಕಾರ್ನಾಕ್ ಕಾವೇರಿಯಲ್ಲಿ 119 ಪೌಂಡ್‌ನ ಮೀನು ಹಿಡಿದ. ಇಪ್ಪತ್ತೇಳು ವರ್ಷದ ತರುವಾಯ ಒಂದೇ ಒಂದು ಪೌಂಡಿನಿಂದ ಆ ದಾಖಲೆ ಮುರಿದದ್ದು ಡಿ ವೆಟ್ ವ್ಯಾನ್ ಇಂಗೆನ್. ಅವರ ಮನೆತನ ಮೈಸೂರಿನಲ್ಲಿ ಚರ್ಮ ಹದ ಮಾಡಿ ಪ್ರಾಣಿಗಳಿಗೆ ಮರಳಿ ರೂಪ ಕೊಡುವ ಕೆಲಸಕ್ಕೆ ಜಗತ್ತಿನಲ್ಲೇ ಹೆಸರಾಗಿತ್ತು. ಮಹಾರಾಜರು, ವೈಸರಾಯ್‌ಗಳು ಹೊಡೆದ ಸಾವಿರಾರು ಹುಲಿ, ಚಿರತೆಗಳು ಅವರ ಕಾರ್ಖಾನೆಯಿಂದ ಹಾದುಹೋದವು. ಬೇಟೆಯ ಕಾಲ ಮುಗಿದು, 1999ರಲ್ಲಿ ಆ ಕಾರ್ಖಾನೆಯೂ ಮುಚ್ಚಿತು.

ಸ್ವಾತಂತ್ರ್ಯ ಬಂದ ಮೇಲೆ ನದಿಗಳ ಚಹರೆ ಬೇಗಬೇಗ ಬದಲಾಯಿತು. ಕೃಷ್ಣರಾಜಸಾಗರ ಅದಾಗಲೇ 1930ರ ದಶಕದಲ್ಲಿ ಎದ್ದು ನಿಂತಿತ್ತು. ಬೀಚನಹಳ್ಳಿಯಲ್ಲಿ ಕಬಿನಿಗೆ ಅಡ್ಡಲಾಗಿ ಅಣೆಕಟ್ಟು 1974ರಲ್ಲಿ ಮುಗಿಯಿತು. ಅದರ ನೀರು ಲಕ್ಷಾಂತರ ಜನರ ಬಾಯಾರಿಕೆ ನೀಗಿಸಿದೆ, ಬೆಳೆ ಬೆಳೆಸಿದೆ. ಗುಂಡ್ಲುಪೇಟೆ, ಚಾಮರಾಜನಗರದ ಒಣ ಕೆರೆಗಳಿಗೂ ಇಂದು ಆ ನದಿಯ ನೀರೇ ಪಂಪಿನಲ್ಲಿ ಏರಿ ಬರುತ್ತದೆ. ಅದನ್ನು ಬೇಡವೆನ್ನಲು ಯಾರಿಗೂ ಬಾಯಿಲ್ಲ. ಆದರೆ ಮೀನಿನ ಕಡೆಯಿಂದ ನೋಡಿದರೆ, ಮುಂಗಾರಿನ ಹೊಸ ನೀರಿಗೆ ಎದುರೀಜಿ ಮೇಲಿನ ಹೊಳೆಗಳಿಗೆ ಹೋಗಿ ಮೊಟ್ಟೆ ಇಡುತ್ತಿದ್ದ ಹಾದಿಗೆ ಗೋಡೆ ಬಿತ್ತು. ಮರಳಿಗಾಗಿ ನದಿಯ ತಳ ಬಗೆದದ್ದು, ಬೇಸಿಗೆಯಲ್ಲಿ ಮಡು ಬತ್ತಿದಾಗ ಸಿಡಿಮದ್ದು ಎಸೆದದ್ದು, ಇವು ಆ ಗೋಡೆಯ ಮೇಲೆ ಬಿದ್ದ ಇನ್ನಷ್ಟು ಹೊರೆ. 1970ರ ದಶಕದ ಹೊತ್ತಿಗೆ ಹೊರಗಿನವರು ಮಹಶೀರ್ ಮುಗಿದೇಹೋಯಿತು ಎಂದು ಭಾವಿಸಿದ್ದರು.

ಅದೇ ದಶಕದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಕೆಲವು ಯುವಕರು ಭೂಮಾರ್ಗವಾಗಿ ಭಾರತಕ್ಕೆ ಬಂದರು. ತಮ್ಮನ್ನು ಟ್ರಾನ್ಸ್‌ವರ್ಲ್ಡ್ ತಂಡ ಎಂದು ಕರೆದುಕೊಂಡಿದ್ದ ಅವರು ಊರೂರು ಅಲೆದು ಕೊನೆಗೆ ಕಾವೇರಿಯ ಕಾಡಿನ ಹರಿವಿಗೆ ತಲುಪಿದರು. ಅಲ್ಲಿ ಮೀನು ಇತ್ತು. ದೊಡ್ಡದೇ ಇತ್ತು. ಸುದ್ದಿ ಹರಡಿ, ಮುಂದಿನ ವರ್ಷಗಳಲ್ಲಿ ಜಗತ್ತಿನ ಗಾಳದವರ ಕಣ್ಣು ಶಿವನಸಮುದ್ರದಿಂದ ಮೇಕೆದಾಟುವರೆಗಿನ ನೀರಿನ ಮೇಲೆ ಬಿತ್ತು. ಆಮೇಲೆ ಟಿ.ವಿ.ಯಲ್ಲಿ ‘ರಿವರ್ ಮಾನ್‌ಸ್ಟರ್ಸ್’ ಕಾರ್ಯಕ್ರಮದಿಂದ ಮನೆಮಾತಾದ ಜೆರೆಮಿ ವೇಡ್ ಕೂಡ ಇಲ್ಲಿಗೆ ಬಂದು ಗಾಳ ಹಾಕಿದವರೇ. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಒಂದು ಭಾಗವನ್ನು ಗುತ್ತಿಗೆ ಪಡೆದು, ಹಿಡಿದ ಮೀನನ್ನು ಮರಳಿ ಬಿಡಲೇಬೇಕು ಎಂಬ ನಿಯಮ ತಂದಿತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಶಿಬಿರ ತೆರೆಯಿತು. ನದಿಯ ಒಂದು ದಡ ಮಳವಳ್ಳಿ, ಕನಕಪುರದ್ದು. ಎದುರು ದಡದ ಕಾಡು ನಮ್ಮ ಚಾಮರಾಜನಗರ ಜಿಲ್ಲೆಯದು.

ಆ ಶಿಬಿರಗಳ ಬೆಳಗು ರಾಗಿಯಿಂದ ಶುರುವಾಗುತ್ತಿತ್ತು. ರಾಗಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಉಂಡೆ ಕಟ್ಟಿ ಕುದಿಯುವ ನೀರಿಗೆ ಬಿಡುವುದು. ಬೆಂದದ್ದನ್ನು ತೆಗೆದು ಬಿಸಿಯಾಗಿರುವಾಗಲೇ ಮತ್ತೆ ನಾದುವುದು. ಉಣ್ಣುವ ಮುದ್ದೆಗಿಂತ ಇದು ಹೆಚ್ಚು ಗಟ್ಟಿ, ಎಳೆದರೂ ಹರಿಯದ ಹದ. ಸೆಳವಿನಲ್ಲಿ ಗಂಟೆಗಟ್ಟಲೆ ಬಿದ್ದಿದ್ದರೂ ಕೊಕ್ಕೆಯಿಂದ ಕರಗಿ ಹೋಗಬಾರದು. ಸಣ್ಣ ಮೀನುಗಳು ಚುಚ್ಚಿ ಚುಚ್ಚಿ ಬಿಡಿಸಿಕೊಳ್ಳಬಾರದು. ವಾಸನೆಗೆಂದು ಒಬ್ಬೊಬ್ಬರು ಒಂದೊಂದು ಸಾಂಬಾರ ಪದಾರ್ಥ ಸೇರಿಸುತ್ತಿದ್ದರು, ಏನೆಂದು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಕೊಕ್ಕೆಗೆ ಒತ್ತಿ ಬಂಡೆಯ ಮೇಲಿಂದ ಬೀಸಿ ಎಸೆದರೆ ಮುಂದಿನ ಕೆಲಸ ಕಾಯುವುದು. ಕಾದ ಕಲ್ಲಿನ ಮೇಲೆ, ದಾರಕ್ಕೆ ತೋರುಬೆರಳು ತಾಗಿಸಿ, ಮಾತಿಲ್ಲದೆ.

ಮೀನು ಬಿದ್ದರೆ ಸಾವಧಾನವಿಲ್ಲ. ಗಡಗಡ ಸದ್ದು ಮಾಡುತ್ತ ರೀಲಿನಿಂದ ದಾರ ಓಡುತ್ತದೆ. ನೂರು ಗಜ ಹೋಗುವುದು ಕಣ್ಣು ಮಿಟುಕಿಸಿದಷ್ಟು ಹೊತ್ತು. ಮಹಶೀರ್ ತೇಲಿ ನೆಗೆಯುವ ಜಾತಿಯಲ್ಲ. ತಳ ಹಿಡಿದು ಬಂಡೆಯ ಸಂದಿಗೆ ನುಗ್ಗುತ್ತದೆ, ಕಲ್ಲಿಗೆ ತೀಡಿ ದಾರ ಕತ್ತರಿಸುತ್ತದೆ. ಆಗ ತೆಪ್ಪದವನ ಬುದ್ಧಿವಂತಿಕೆ ಬೇಕು. ಬಿದಿರಿನಿಂದ ಹೆಣೆದ ದುಂಡನೆ ಹರಿಗೋಲಿಗೆ ಗಾಳದವನನ್ನು ಹತ್ತಿಸಿಕೊಂಡು, ಒಂದೇ ಹುಟ್ಟಿನಲ್ಲಿ ಸೆಳವು ಸೀಳುತ್ತ, ಯಾವ ಕಲ್ಲಿನ ಕೆಳಗೆ ಮೀನು ಅಡಗಿದೆ ಎಂದು ಊಹಿಸುತ್ತ ಹೋಗುವವನು ಅವನು. ಹೀಗೆ ದಾರಿ ತೋರುವ ಸ್ಥಳೀಯರನ್ನು ಶಿಬಿರದಲ್ಲಿ ಗಿಲ್ಲಿ ಎನ್ನುತ್ತಿದ್ದರು. ಸ್ಕಾಟ್ಲೆಂಡಿನಿಂದ ಬಂದ ಪದ. ಇವರಲ್ಲಿ ಕೆಲವರು ಒಂದು ಕಾಲದಲ್ಲಿ ಕಳ್ಳತನದಿಂದ ಮೀನು ಹಿಡಿದವರು. ಮಡುವಿನ ಆಳ, ಮೀನು ಮೇಯುವ ಹೊತ್ತು, ನೀರಿನ ಬಣ್ಣ ಬದಲಾದರೆ ಅದು ಸರಿಯುವ ಜಾಗ, ಇದೆಲ್ಲ ಅವರ ಬೆರಳ ತುದಿಯಲ್ಲಿತ್ತು. ಸತ್ತ ಮೀನಿಗೆ ಸಂತೆಯಲ್ಲಿ ಒಂದೇ ಸಲ ದುಡ್ಡು, ಬದುಕಿದ ಮೀನಿಗೆ ಪ್ರತಿ ಹಂಗಾಮಿನಲ್ಲೂ ಸಂಬಳ ಎಂದು ಅರಿವಾದ ಮೇಲೆ ಅವರೇ ನದಿಗೆ ಕಾವಲಾದರು. ರಾತ್ರಿ ಎಲ್ಲೋ ಮದ್ದು ಸಿಡಿದ ಸದ್ದು ಕೇಳಿದರೆ ಮೊದಲು ಓಡುತ್ತಿದ್ದವರು ಅವರೇ.

ಇನ್ನೊಂದು ಕೆಲಸ ಯಾರ ಗಮನಕ್ಕೂ ಬಾರದೆ ನಡೆದಿತ್ತು. ಶಿಬಿರದಲ್ಲಿ ಒಂದು ದಾಖಲೆ ಪುಸ್ತಕ. ಯಾರು, ಎಷ್ಟು ಹೊತ್ತು ಗಾಳ ಹಾಕಿದರು, ಎಷ್ಟು ಮೀನು, ಎಷ್ಟು ತೂಕ, ಯಾವ ಬಗೆ ಎಂದು ದಿನದಿನವೂ ಬರೆದಿಡುವುದು. ಬರೆದವರಿಗೆ ಅದು ಹೆಮ್ಮೆಯ ಲೆಕ್ಕ. ಆದರೆ ಆ ನದಿಯ ಮೀನುಗಳ ಬಗ್ಗೆ ಇಷ್ಟು ದೀರ್ಘ ಕಾಲ ಯಾವ ಇಲಾಖೆಯೂ ಹೀಗೆ ಲೆಕ್ಕ ಇಟ್ಟಿರಲಿಲ್ಲ. ಇಂಗ್ಲೆಂಡಿನ ಬೋರ್ನ್‌ಮತ್ ವಿಶ್ವವಿದ್ಯಾಲಯದ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಸಂಗಡಿಗರು ಗಾಲಿಬೋರೆಯ ಪುಸ್ತಕಗಳನ್ನು ಕೂಡಿಸಿ ನೋಡಿದರು. 1998ರಿಂದ 2012ರವರೆಗೆ 23,620 ಗಂಟೆಗಳ ಗಾಳ, 6,161 ಮಹಶೀರ್. ಸರಾಸರಿ ನಾಲ್ಕು ಗಂಟೆಗೆ ಒಂದು ಮೀನಿನ ಹಾಗೆ. ಅತಿ ಚಿಕ್ಕದು ಅರ್ಧ ಕೆ.ಜಿ.ಗೂ ಕಡಿಮೆ, ಅತಿ ದೊಡ್ಡದು 46.8 ಕೆ.ಜಿ.

ಮೇಲುನೋಟಕ್ಕೆ ಖುಷಿಯ ಸಂಗತಿ. ವರ್ಷದಿಂದ ವರ್ಷಕ್ಕೆ ಸಿಗುವ ಮೀನಿನ ಸಂಖ್ಯೆ ಏರುತ್ತಿತ್ತು. ಕಾವಲು ಫಲ ಕೊಟ್ಟಿದೆ ಎಂಬುದಕ್ಕೆ ಬೇರೆ ಸಾಕ್ಷಿ ಏಕೆ? ಆದರೆ ಬಗೆಗಳನ್ನು ವಿಂಗಡಿಸಿದಾಗ ಎದೆ ಒಡೆಯುವ ಸತ್ಯ ಎದುರಾಯಿತು. ಏರಿದ್ದು ನೀಲಿ ರೆಕ್ಕೆಯ ಮಹಶೀರ್‌ನ ಸಂಖ್ಯೆ. ಕಾವೇರಿಯದೇ ಆದ ಡುಬ್ಬದ ಮಹಶೀರ್ ಇಳಿಯುತ್ತ ಇಳಿಯುತ್ತ ಕೊನೆಯ ವರ್ಷಗಳಲ್ಲಿ ಹೆಚ್ಚುಕಡಿಮೆ ಕಾಣೆಯಾಗಿತ್ತು. ಸಿಕ್ಕ ಒಂದೆರಡೂ ದೊಡ್ಡ, ವಯಸ್ಸಾದ ಮೀನುಗಳು. ಮರಿಗಳಿಲ್ಲ. ಮುದುಕರಷ್ಟೇ ಉಳಿದು ತೊಟ್ಟಿಲು ತೂಗದ ಊರಿನಂತಾಗಿತ್ತು ಆ ಮೀನಿನ ಬಾಳು.

ನೀಲಿ ರೆಕ್ಕೆಯದು ಬಂದದ್ದಾದರೂ ಎಲ್ಲಿಂದ? ಅದರ ತವರು ಕೃಷ್ಣಾ ಕೊಳ್ಳ. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ಪವರ್ ಕಂಪನಿ 1970ರ ದಶಕದಲ್ಲಿ ಮಹಶೀರ್ ಮರಿ ಮಾಡುವ ಕೇಂದ್ರ ತೆರೆಯಿತು. ಅಳಿಯುತ್ತಿರುವ ಮೀನನ್ನು ಉಳಿಸಬೇಕೆಂಬ ಒಳ್ಳೆಯ ಮನಸ್ಸಿನ ಕೆಲಸವೇ ಅದು. ಮೊಟ್ಟೆ ಹಿಂಡಿ, ಮರಿ ಬೆಳೆಸಿ, ದೇಶದ ನಾನಾ ನದಿ, ಜಲಾಶಯಗಳಿಗೆ ಕಳಿಸಿದರು. ಕಾವೇರಿಗೂ ಬಂದವು. ನಮ್ಮ ನಾಡಿನಲ್ಲೂ ಕೊಡಗಿನ ಹಾರಂಗಿಯಲ್ಲಿ ಮೀನುಗಾರಿಕೆ ಇಲಾಖೆಯ ಮಹಶೀರ್ ಮರಿ ಕೇಂದ್ರವಿದೆ. ಗಾಳದವರು ಸಂತೋಷದಿಂದ ಬುಟ್ಟಿ ಬುಟ್ಟಿ ಮರಿಗಳನ್ನು ನೀರಿಗೆ ಬಿಟ್ಟರು. ಮಹಶೀರ್ ಎಂದರೆ ಎಲ್ಲವೂ ಒಂದೇ ಎಂಬ ತಿಳಿವಳಿಕೆ ಅಂದಿನದು. ಹೊರಗಿನ ಮೀನು ಬೇಗ ಬೆಳೆದು, ಬೇಗ ಹರಡಿ, ಮೇವಿಗೂ ಮಡುವಿಗೂ ಪೈಪೋಟಿಗೆ ನಿಂತಿತು. ಡುಬ್ಬದ ಮೀನಿನ ಕುಸಿತಕ್ಕೆ ಇದೊಂದೇ ಕಾರಣ ಎನ್ನಲಾಗದು. ಆದರೆ ಕುಸಿದ ಮೀನಿನ ಜಾಗ ತುಂಬಿ, ಕುಸಿತವನ್ನೇ ಕಣ್ಣಿಗೆ ಕಾಣದಂತೆ ಮುಚ್ಚಿದ್ದು ಈ ನೀಲಿ ರೆಕ್ಕೆ ಎಂಬುದರಲ್ಲಿ ಅನುಮಾನವಿಲ್ಲ.

ಇದಕ್ಕಿಂತ ನೋವಿನ ವಿಷಯ ಇನ್ನೊಂದಿದೆ. 150 ವರ್ಷ ಜಗತ್ತು ಹೊಗಳಿದ ಆ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರೇ ಇರಲಿಲ್ಲ. ಬಹುಕಾಲ ಅದಕ್ಕೆ ಅಂಟಿಸಿದ್ದ ಮುಸುಲ್ಲಾ ಎಂಬ ಹೆಸರು ಕೃಷ್ಣಾ ಕಡೆಯ ಬೇರೊಂದು ಮೀನಿನದು. ಹೆಸರಿಲ್ಲದ ಜೀವಿಯನ್ನು ಅಳಿವಿನ ಪಟ್ಟಿಗೆ ಸೇರಿಸುವಂತಿಲ್ಲ, ಅದಕ್ಕೆಂದು ಒಂದು ರೂಪಾಯಿಯ ಯೋಜನೆ ಬರೆಯುವಂತಿಲ್ಲ. ಗಂಟು ಬಿಚ್ಚಿದ್ದು 2018ರಲ್ಲಿ. ಮೋಯಾರ್‌ನಲ್ಲಿ ಸಿಕ್ಕ ಡುಬ್ಬದ ಮೀನುಗಳ ಮೈಕಟ್ಟು, ವಂಶವಾಹಿಗಳನ್ನು ಪರೀಕ್ಷಿಸಿದ ಪಿಂಡರ್ ಮತ್ತಿತರರು, ಇದು ಕೇರಳದ ಪಂಬಾರ್ ಹೊಳೆಯಿಂದ ಈಗಾಗಲೇ ವರ್ಣನೆಯಾಗಿದ್ದ ಟಾರ್ ರೆಮಾದೇವಿಯೇ ಎಂದು ತೋರಿಸಿದರು. ಪಂಬಾರ್ ಕೂಡ ಕಾವೇರಿಯ ಕೊಳ್ಳದ್ದೇ. ಚೆನ್ನೈನ ಪ್ರಾಣಿ ಸರ್ವೇಕ್ಷಣಾ ಇಲಾಖೆಯ ವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಾರ್ಥ ಇಟ್ಟ ಹೆಸರದು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಈ ಮೀನನ್ನು ತೀವ್ರ ಅಳಿವಿನಂಚಿನ ಜೀವಿ ಎಂದು ಘೋಷಿಸಿತು. ನೀಲಿ ರೆಕ್ಕೆಯದು ಅದೇ ಪಟ್ಟಿಯಲ್ಲಿ ಆತಂಕವಿಲ್ಲದ ವರ್ಗಕ್ಕೆ ಸರಿಯಿತು.

ಅಷ್ಟು ಹೊತ್ತಿಗೆ ಶಿಬಿರಗಳಲ್ಲಿ ಗಾಳ ಮುಚ್ಚಿ ಆರು ವರ್ಷವಾಗಿತ್ತು. ಈ ನದಿಭಾಗ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮಕ್ಕೆ ಸೇರುತ್ತದೆ. 510 ಚದರ ಕಿ.ಮೀ. ಇದ್ದ ವನ್ಯಧಾಮ 2013ರಲ್ಲಿ ಸಾವಿರ ಚದರ ಕಿ.ಮೀ. ದಾಟಿತು. ವನ್ಯಜೀವಿ ಕಾಯ್ದೆಯಲ್ಲಿ ಪ್ರಾಣಿ ಎಂಬ ಪದಕ್ಕೆ ಮೀನೂ ಸೇರುತ್ತದೆ, ಹಿಡಿಯುವುದೂ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತದೆ. ಮರಳಿ ಬಿಟ್ಟರೂ ಬೇಟೆ ಬೇಟೆಯೇ ಎಂಬ ಅರ್ಥದಲ್ಲಿ ವನ್ಯಧಾಮದೊಳಗೆ ಗಾಳ ನಿಂತಿತು. ಕಾಡಿನ ಜೀವಿ ಮನುಷ್ಯನ ಆಟದ ಬೊಂಬೆಯಲ್ಲ ಎಂಬ ಮಾತನ್ನು ತಳ್ಳಿಹಾಕಲಾಗದು. ಜಿಂಕೆಯನ್ನು ಹಗ್ಗ ಬೀಸಿ ಹಿಡಿದು, ಫೋಟೊ ತೆಗೆದು ಬಿಟ್ಟರೆ ಯಾರಾದರೂ ಒಪ್ಪುತ್ತಾರೆಯೇ? ಗಾಳಕ್ಕೆ ಸಿಕ್ಕ ಮೀನಿಗೆ ದಣಿವಿದೆ, ನೋವಿದೆ. ಎಳೆದಾಡುವ ಹೊತ್ತು ಹೆಚ್ಚಾದಷ್ಟೂ, ನೀರಿನಿಂದ ಹೊರಗಿಟ್ಟ ಗಳಿಗೆ ಹೆಚ್ಚಾದಷ್ಟೂ ಅದರ ಮೈ ಬಳಲುತ್ತದೆ. ನೋಡಿದವರ ಮೆಚ್ಚುಗೆಗೆಂದು ಎದೆಗವುಚಿ ಎತ್ತಿ ಹಿಡಿಯುವ ಹೊತ್ತಿನಲ್ಲಿ ಮೀನು ಉಸಿರು ಕಟ್ಟಿಕೊಂಡು ಒದ್ದಾಡುತ್ತಿರುತ್ತದೆ.

ಆದರೆ ಗಾಳದ ಜೊತೆಗೆ ಕಾವಲೂ ಹೋಯಿತು, ಪುಸ್ತಕವೂ ಹೋಯಿತು. ಗಿಲ್ಲಿಗಳಿಗೆ ನದಿಯಲ್ಲಿ ಕೆಲಸ ಉಳಿಯಲಿಲ್ಲ. ಎಷ್ಟು ಮೀನಿದೆ, ಎಷ್ಟು ತೂಕ, ಯಾವ ಬಗೆ ಎಂದು ದಿನವೂ ಬರೆಯುತ್ತಿದ್ದ ಕೈ ನಿಂತಿತು. ಆ ಪುಸ್ತಕ ಇಲ್ಲದಿದ್ದರೆ ಡುಬ್ಬದ ಮೀನು ಕಣ್ಮರೆಯಾಗುತ್ತಿದೆ ಎಂಬುದೇ ನಮಗೆ ಗೊತ್ತಾಗುತ್ತಿರಲಿಲ್ಲ. ನಿಷೇಧದ ಉದ್ದೇಶ ಮೀನನ್ನು ಕಾಯುವುದೇ ಆಗಿದ್ದರೆ, ಅದೇ ದಿನ ಬೇರೊಂದು ಕಾವಲು, ಬೇರೊಂದು ಲೆಕ್ಕ ಶುರುವಾಗಬೇಕಿತ್ತು. ಆಗಲಿಲ್ಲ. ಇದು ದೊಡ್ಡ ತಪ್ಪು.

ಗಾಳದವರ ಲೆಕ್ಕವನ್ನು ವಿಜ್ಞಾನ ಬಳಸಿಕೊಳ್ಳುವುದು ಹೊಸದೇನಲ್ಲ. ಕಡಲಿನ ಆಟ ಅದನ್ನು ಎಂದೋ ಕಲಿತಿದೆ. ಅಂತರರಾಷ್ಟ್ರೀಯ ಕ್ರೀಡಾ ಮೀನು ಸಂಘ 1939ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು ಉಪ್ಪುನೀರಿನ ಮೀನುಗಳ ದಾಖಲೆ ಇಡಲೆಂದೇ. ಸಿಹಿನೀರಿನ ದಾಖಲೆಗಳು ಅದರ ಕೈಗೆ ಬಂದದ್ದು 1978ರಲ್ಲಿ. 1954ರಲ್ಲಿ ವುಡ್ಸ್ ಹೋಲ್ ಸಾಗರ ಸಂಶೋಧನಾ ಕೇಂದ್ರದ ಫ್ರ್ಯಾಂಕ್ ಮ್ಯಾಥರ್, ಹಿಡಿದ ಟ್ಯೂನಾ, ಮಾರ್ಲಿನ್‌ಗಳಿಗೆ ಗುರುತಿನ ಚೀಟಿ ಚುಚ್ಚಿ ಬಿಡುವಂತೆ ಹವ್ಯಾಸಿ ಗಾಳದವರ ಕೈಗೇ ಚೀಟಿಗಳನ್ನು ಕೊಟ್ಟರು. ಅಟ್ಲಾಂಟಿಕ್‌ನ ಒಂದು ದಡದಲ್ಲಿ ಬಿಟ್ಟ ಟ್ಯೂನಾ ಇನ್ನೊಂದು ದಡದಲ್ಲಿ ಸಿಕ್ಕಿ, ಅವು ಸಾಗರ ದಾಟುವ ಸಂಗತಿ ಬೆಳಕಿಗೆ ಬಂತು. ಮೀನು ಯಾವ ದೇಶದ್ದು ಎಂದು ಜಗಳವಾಡುತ್ತಿದ್ದವರಿಗೆ ಅದು ಎಲ್ಲರದ್ದೂ ಎಂದು ತಿಳಿದದ್ದು ಹೀಗೆ.

ನಮ್ಮ ಕರಾವಳಿಯಲ್ಲೂ ಈಗ ರಾಡ್, ರೀಲು ಹಿಡಿದು ಬಂಡೆಗಳ ಮೇಲೆ, ಅಳಿವೆಗಳಲ್ಲಿ ನಿಲ್ಲುವ ಹವ್ಯಾಸಿಗಳು ಹೆಚ್ಚಿದ್ದಾರೆ. ಅವರ ಮುಂದಿರುವುದೂ ಇದೇ ಪ್ರಶ್ನೆ. ಆಳದಿಂದ ಬೇಗ ಮೇಲೆಳೆದ ಮುರು, ಕೆಂಬೇರಿಯಂಥ ಮೀನಿನ ಗಾಳಿಚೀಲ ಒತ್ತಡ ಇಳಿದು ಊದಿಕೊಳ್ಳುತ್ತದೆ. ನೀರಿಗೆ ಬಿಟ್ಟರೂ ಕೆಳಗಿಳಿಯಲಾಗದೆ ತೇಲಿ ಸಾಯುತ್ತದೆ. ಹೀಗಾಗಿ ಹಿಡಿದು ಬಿಡುವ ಆಟಕ್ಕೆ ಎಲ್ಲ ನೀರೂ ಒಂದಲ್ಲ. ತಿಮಿಂಗಿಲ ಶಾರ್ಕ್, ದೈತ್ಯ ಮುರು ಮೀನುಗಳಿಗೆ 2001ರಿಂದ ಹುಲಿಗೆ ಇರುವಷ್ಟೇ ಕಾನೂನಿನ ರಕ್ಷಣೆ ಇದೆ. ಕಡಲಿನ ದೊಡ್ಡ ಪೆಟ್ಟು ಮಾತ್ರ ಗಾಳದಿಂದ ಬೀಳುವುದಲ್ಲ. ಎರಡು ದೋಣಿ ಕೂಡಿ ಎಳೆಯುವ ಬುಲ್ ಟ್ರಾಲಿಂಗ್, ರಾತ್ರಿ ಪ್ರಖರ ಬೆಳಕು ಹಾಯಿಸಿ ಮೀನು ಬಾಚುವ ಲೈಟ್ ಫಿಶಿಂಗ್, ಸಣ್ಣ ಕಣ್ಣಿನ ಬಲೆ ಅದಕ್ಕೆ ಕಾರಣ. ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳು ದಡದಲ್ಲಿ ನಿಲ್ಲುತ್ತವೆ, ಮೀನು ಮೊಟ್ಟೆಯಿಡಲೆಂದು. ಮಲ್ಪೆ, ಮಂಗಳೂರಿನ ಮೊಗವೀರರಿಗೆ ಈ ಬಿಡುವು ಬದುಕಿನ ಭಾಗವಾಗಿದೆ. ಮುಂಗಾರಿನಲ್ಲಿಯೇ ಮೊಟ್ಟೆಗೆ ಏರುವ ನದಿಯ ಮೀನಿಗೂ ಅಂಥದೇ ಕಟ್ಟುನಿಟ್ಟಿನ ಬಿಡುವು ಬೇಕು.

ಗಾಳವೂ ಕಾನೂನೂ ಇಲ್ಲದೆ ಮೀನು ಉಳಿದ ಜಾಗಗಳೂ ನಮ್ಮಲ್ಲಿವೆ. ಶೃಂಗೇರಿಯ ತುಂಗೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಾವೇರಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲೆ. ಪುರಿ ಎರಚಿದರೆ ಕಾಲಬುಡಕ್ಕೆ ಬಂದು ಮುತ್ತುವ ಮಹಶೀರ್‌ಗಳನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ. ಶಿಶಿಲದಲ್ಲಿ 1996ರಲ್ಲಿ ದುಷ್ಕರ್ಮಿಗಳು ಹೊಳೆಗೆ ವಿಷ ಹಾಕಿದಾಗ ಸಾವಿರಾರು ಮೀನು ಸತ್ತವು. ಊರವರು ಆ ಮೀನುಗಳಿಗೆ ಸ್ಮಾರಕ ಕಟ್ಟಿದರು. ಮೀನಿನ ನೆನಪಿಗೆ ಕಲ್ಲು ನಿಲ್ಲಿಸಿದ ಊರು ನಾಡಿನಲ್ಲಿ ಇನ್ನೆಷ್ಟಿವೆ? ಕೊಡಗಿನಲ್ಲಿ ಕೊಡಗು ವನ್ಯಜೀವಿ ಸಂಘ ವಾಲ್ನೂರಿನ ಆಸುಪಾಸಿನ ಕಾವೇರಿಯನ್ನು ಗುತ್ತಿಗೆ ಪಡೆದು, ಹಿಡಿದು ಬಿಡುವ ನಿಯಮದಲ್ಲಿ ಕಾಯುತ್ತ ಬಂದಿದೆ. ದೇವರ ಹೆಸರಿನಲ್ಲೋ ಆಟದ ಹೆಸರಿನಲ್ಲೋ, ದಿನವೂ ಹೊಳೆಯನ್ನು ನೋಡುವ ಜನ ಇದ್ದ ಕಡೆ ಮೀನು ಉಳಿದಿದೆ.

ಡುಬ್ಬದ ಮೀನಿಗೆ ಈಗ ಉಳಿದಿರುವ ಸಮಯ ಹೆಚ್ಚಿಲ್ಲ. ಮೇಕೆದಾಟುವಿನಲ್ಲಿ ಸುಮಾರು 67 ಟಿಎಂಸಿ ಅಡಿ ನೀರು ನಿಲ್ಲಿಸುವ ಜಲಾಶಯದ ಪ್ರಸ್ತಾವ ಸರ್ಕಾರದ ಮುಂದಿದೆ. ಬೆಂಗಳೂರಿನ ಕುಡಿಯುವ ನೀರಿನ ಪ್ರಶ್ನೆ ಅದರ ಹಿಂದಿದೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅದು ಮುಳುಗಿಸುವ ನೆಲದ ಬಹುಪಾಲು ಕಾವೇರಿ ವನ್ಯಧಾಮದ್ದು. ಮಹಶೀರ್ ಬೇಡುವ ನೊರೆನೀರು ಅಲ್ಲಿ ನಿಂತ ನೀರಾಗುತ್ತದೆ. ಯೋಜನೆಯ ಪರಿಸರ ವರದಿಯಲ್ಲಿ ಹುಲಿ, ಆನೆ, ಬೂದು ದೈತ್ಯ ಅಳಿಲುಗಳ ಪಕ್ಕದಲ್ಲಿ ಈ ಮೀನಿಗೂ ಒಂದು ಅಧ್ಯಾಯ ಇರಲೇಬೇಕು.

ಮೋಯಾರ್ ಮಾತು ಬೇರೆ. ಅದರ ಎರಡೂ ದಡ ಹುಲಿ ಕಾಡು, ಒಂದು ಕಡೆ ಬಂಡೀಪುರ, ಇನ್ನೊಂದು ಕಡೆ ಮುದುಮಲೆ. ಅಲ್ಲಿ ಗಾಳದ ಆಟಕ್ಕೆ ಜಾಗವಿಲ್ಲ, ಇರಲೂ ಬಾರದು. ಆದರೆ ಹುಲಿಗೆ ಕ್ಯಾಮೆರಾ ಇಟ್ಟು ಎಣಿಸುವ ನಾಡಿನಲ್ಲಿ ಅದೇ ಕಾಡಿನ ಹೊಳೆಯ ಮೀನನ್ನು ಎಣಿಸುವುದು ಅಸಾಧ್ಯವಲ್ಲ. ಎರಡೂ ರಾಜ್ಯಗಳ ಅರಣ್ಯ ಇಲಾಖೆಗಳು ಕೂಡಿ, ಕಾವೇರಿಯ ಹಳೆಯ ಗಿಲ್ಲಿಗಳನ್ನು ಸಂಬಳ ಕೊಟ್ಟು ಕರೆದು, ವರ್ಷಕ್ಕೊಮ್ಮೆ ಮಡುಗಳ ಲೆಕ್ಕ ಬರೆಸಲಿ. ಅವರಲ್ಲಿ ಬಹಳ ಮಂದಿಗೆ ವಯಸ್ಸಾಗಿದೆ, ಅವರ ತಿಳಿವಳಿಕೆ ಅವರೊಡನೆಯೇ ಹೋಗಬಾರದು. ಮೋಯಾರ್‌ಗೆ, ಕಬಿನಿಗೆ, ಅವುಗಳ ಉಪನದಿಗಳಿಗೆ ಹೊರಗಿನ ಯಾವ ಮಹಶೀರ್ ಮರಿಯನ್ನೂ ಬಿಡಕೂಡದು ಎಂದು ಮೀನುಗಾರಿಕೆ ಇಲಾಖೆ ಇಂದೇ ಆದೇಶ ಹೊರಡಿಸಲಿ. ಮರಿ ಮಾಡುವುದೇ ಆದರೆ ಈ ನದಿಗಳದೇ ಡುಬ್ಬದ ಮೀನಿನಿಂದ ಮಾಡಲಿ.

ಬೇಗೂರು ಸೀಮೆಯ ಓದುಗರಿಗೂ ಒಂದು ಮಾತು. ಇಲ್ಲಿ ಬಿದ್ದ ಮಳೆ ಗುಂಡ್ಲು ಹೊಳೆ ಹಿಡಿದು ನಂಜನಗೂಡಿನ ಬಳಿ ಕಬಿನಿಯನ್ನೇ ಸೇರುತ್ತದೆ. ಹೊಳೆಯಲ್ಲಿ, ಹಿನ್ನೀರಿನಲ್ಲಿ ಸಿಡಿಮದ್ದು ಹಾಕುವವರನ್ನು, ವಿಷ ಬೆರೆಸುವವರನ್ನು ಕಂಡರೆ ನಮಗೇಕೆ ಎಂದು ಸುಮ್ಮನಿರಬೇಡಿ. ಹತ್ತಿರದ ಅರಣ್ಯ ಕಚೇರಿಗೋ ಪೊಲೀಸ್ ಠಾಣೆಗೋ ಕೂಡಲೇ ತಿಳಿಸಿ.